ಡ್ರಮ್ಮಿನಲ್ಲಿ ಹಾಡುವ ಮೋಟಾರು

ಮೂರು ಸಂಜೆಯಿಂದ ನನಗೆ ಪಾತ್ರೆ ಬಂದಿರಲಿಲ್ಲ.

ನಮ್ಮ ಫಾಂಟಿ ಜನರ ಕರಾವಳಿಯಲ್ಲಿ ಗಂಡ ತನ್ನ ತಾಯಿಮನೆಯಲ್ಲಿರುತ್ತಾನೆ, ಹೆಂಡತಿ ತನ್ನ ತಾಯಿಮನೆಯಲ್ಲಿ. ಮದುವೆಯಾಗಿ ಮೂವತ್ತನಾಲ್ಕು ವರ್ಷವಾದರೂ ನಾನಿರುವುದು ದಡದ ಪಕ್ಕ, ಕೂಕುವಾ ಇರುವುದು ಚರ್ಚಿನ ಹಿಂದಿನ ಓಣಿಯಲ್ಲಿ. ಗಂಡಹೆಂಡಿರು ಹೇಗಿದ್ದಾರೆಂದು ಊರಿಗೆ ತಿಳಿಯುವುದು ಸಂಜೆಯ ಊಟದ ಪಾತ್ರೆಯಿಂದ. ಮುಚ್ಚಳ ಹಾಕಿದ ಪಾತ್ರೆ ಓಣಿ ಇಳಿದು ಬಂತೋ, ಎಲ್ಲ ಸರಿಯಾಗಿದೆ. ಬರಲಿಲ್ಲವೋ, ಮಾರನೆಯ ಬೆಳಿಗ್ಗೆ ಮೀನು ಹೊರುವ ಹೆಂಗಸರು ನನ್ನ ಅಂಗಡಿಯ ಮುಂದೆ ನಿಂತು, "ಏನ್ ಫಿಟ್ಟರಣ್ಣ, ಸೊರಗಿ ಹೋದ್ಯಲ್ಲ!" ಎನ್ನುತ್ತಾರೆ.

ಪಾತ್ರೆ ನಿಂತದ್ದು ಮೋಟಾರಿನಿಂದ.

ಅದು ನಲವತ್ತು ಕುದುರೆ ಶಕ್ತಿಯ ಮೋಟಾರು, ಹದಿನೆಂಟು ವರ್ಷ ಹಳೆಯದು. ಕೂಕುವಾ ಮತ್ತು ಅವಳ ಜೊತೆ ಹೊಗೆ ಒಲೆಗಳಲ್ಲಿ ಮೀನು ಒಣಗಿಸುವ ಇನ್ನೈದು ಹೆಂಗಸರು ಸೇರಿ ಕೊಂಡದ್ದು. ಅವರ ದೋಣಿಯ ಹೆಸರು 'ನಗುವವರು ನಗಲಿ', ಮಗ್ಗುಲಲ್ಲಿ ಹಳದಿ ಬಣ್ಣದಲ್ಲಿ ಬರೆಸಿದ್ದಾರೆ. ದೋಣಿಯ ಬೋಸನ್, ಅಂದರೆ ಕಡಲಿಗೆ ಕರೆದುಕೊಂಡು ಹೋಗುವ ಮುಖಂಡ, ಕೂಕುವಾಳ ತಮ್ಮ ಯೂಫಿ. ಮೋಟಾರು ಯಾರದೋ ಮೀನಿನ ಮೇಲೆ ಮೊದಲ ಮಾತು ಅವರದು. ಇದು ನಮ್ಮ ದಡದ ಕಟ್ಟಳೆ, ಎಲ್ಲೂ ಬರೆದಿಟ್ಟಿಲ್ಲ, ಯಾರೂ ಮೀರುವುದಿಲ್ಲ. ಹಾಗಾಗಿ ಹದಿನೆಂಟು ವರ್ಷದಿಂದ 'ನಗುವವರು ನಗಲಿ' ತಂದ ಮೀನು ಮೊದಲು ಆ ಆರು ಹೆಂಗಸರ ತಟ್ಟೆಗಳಿಗೆ ಸುರಿದಿದೆ, ಆಮೇಲೆ ಮಿಕ್ಕವರಿಗೆ. ಆರು ಮನೆ ಉಂಡಿದ್ದು, ಮಕ್ಕಳು ಶಾಲೆಗೆ ಹೋಗಿದ್ದು, ಮುದುಕಿಯರಿಗೆ ಔಷಧಿ ಬಂದಿದ್ದು ಎಲ್ಲ ಆ ಮಾತಿನಿಂದ.

ಈಗ ದೊಡ್ಡ ಬಂದರು ಪಟ್ಟಣ ತೇಮಾದಿಂದ ಮೇಡಮ್ ಫ್ಲಾರೆನ್ಸ್ ಬಂದಿದ್ದಳು. ಅವಳಿಗೆ ಅಲ್ಲಿ ಶೀತಲ ಗೋದಾಮು ಇದೆ, ಐಸು ತುಂಬಿದ ಲಾರಿಗಳಿವೆ. "ನಿಮ್ಮ ಮೋಟಾರು ಮುದುಕ ಸತ್ತಿದ್ದಾನೆ. ನಾನು ಹೊಸ ಮೋಟಾರು ಕೊಡ್ತೀನಿ, ಗುರುವಾರ ಲಾರೀಲಿ ಬರತ್ತೆ" ಎಂದಿದ್ದಳು. ಕೆಟ್ಟ ಹೆಂಗಸಲ್ಲ, ನಗುನಗುತ್ತಲೇ ಹೇಳಿದ್ದಳು. ಆದರೆ ಅವಳ ಮೋಟಾರು ದೋಣಿಗೆ ಏರಿದರೆ ಮೀನಿನ ಮೊದಲ ಮಾತು ಅವಳದು. ಮೀನು ದಡದಿಂದ ಸೀದಾ ಐಸಿಗೆ, ಐಸಿನಿಂದ ತೇಮಾಕ್ಕೆ. ಆರು ಹೊಗೆ ಒಲೆಗಳಲ್ಲಿ ಕೋಳಿ ಮೊಟ್ಟೆ ಇಡಬಹುದು.

ಇಷ್ಟಕ್ಕೆಲ್ಲ ಕಾರಣ ನಾನು ಎಂದು ಕೂಕುವಾ ತೀರ್ಮಾನಿಸಿದ್ದಳು. ಸುಳ್ಳೂ ಅಲ್ಲ. ಮೀನಿನ ಕಾಲ ಶುರುವಾದಾಗಿನಿಂದ ಮೋಟಾರು ಕಡಲಲ್ಲಿ ಕೈಕೊಡುತ್ತಿತ್ತು. ಮೊದಲ ಸಲ ನಾನು ಕಾರ್ಬೊರೇಟರ್ ಬಿಚ್ಚಿ ತೊಳೆದು, "ಸರಿಯಾಯ್ತು" ಎಂದೆ. ಎರಡನೆಯ ಸಲ ಮೋಟಾರಿನ ತಲೆ ಬಿಚ್ಚಿ ಪಿಸ್ಟನ್ನಿಗೆ ಹೊಸ ರಿಂಗ್ ಹಾಕಿ, ತಂಪು ನೀರು ಎಳೆಯುವ ರಬ್ಬರ್ ಚಕ್ರ ಬದಲಿಸಿ, "ಈಗ ಖಂಡಿತ ಸರಿಯಾಯ್ತು" ಎಂದೆ. ಮೂರನೆಯ ಸಲ ಅದು ಕಡಲ ನಡುವೆ ಕಿರುಚಿ, ಬಿಸಿಯೇರಿ, ಆರಿಹೋಯಿತು. ಬೇರೆ ದೋಣಿಯವರು ಹಗ್ಗ ಕಟ್ಟಿ ಎಳೆದು ತಂದರು. ಹಳದಿ ಅಕ್ಷರದ ಹೆಸರನ್ನು ಅವರು ಗಟ್ಟಿಯಾಗಿ ಓದಿಕೊಂಡೇ ಎಳೆದರಂತೆ. ಅವತ್ತಿನಿಂದ ಪಾತ್ರೆ ಇಲ್ಲ.

ಮಂಗಳವಾರ ಬಂತು. ಮಂಗಳವಾರ ಕಡಲಿನ ದಿನ, ಅವತ್ತು ನಮ್ಮ ಒಂದು ದೋಣಿಯೂ ನೀರು ಮುಟ್ಟುವುದಿಲ್ಲ. ಬಲೆ ಹೊಲಿಯುವುದು, ಜಗಳ ತೀರಿಸುವುದು, ಮೋಟಾರು ರಿಪೇರಿ ಎಲ್ಲ ಅವತ್ತೇ. ರಿಪೇರಿಯಾದ ಮೋಟಾರನ್ನು ಕಡಲಿಗೆ ಒಯ್ಯುವಂತಿಲ್ಲವಲ್ಲ, ಅದಕ್ಕೇ ನನ್ನ ಅಂಗಡಿಯ ಮುಂದೆ ಬಾದಾಮಿ ಮರದ ಕೆಳಗೆ ಒಂದು ದೊಡ್ಡ ಎಣ್ಣೆ ಡ್ರಮ್ಮು ಇದೆ, ಬಾಯಿ ಕತ್ತರಿಸಿದ್ದು. ಅದರ ತುಂಬ ನೀರು. ಅದರ ಅಂಚಿಗೆ ಮೋಟಾರು ಸಿಕ್ಕಿಸಿ ಶುರು ಮಾಡಿ ನೋಡುತ್ತೇನೆ. ನನ್ನ ಗುರುವೂ ಹಾಗೇ ಮಾಡುತ್ತಿದ್ದ. ನಲವತ್ತು ವರ್ಷದಿಂದ ಈ ದಡದ ಮೋಟಾರುಗಳು ಬದುಕಿವೆಯೋ ಸತ್ತಿವೆಯೋ ಎಂದು ತೀರ್ಪಾಗಿರುವುದು ಡ್ರಮ್ಮಿನಲ್ಲಿ, ಮಂಗಳವಾರ.

ಅವತ್ತು ಮರದ ಕೆಳಗೆ ಜನವೋ ಜನ. ಮೀನುಗಾರರ ಹಿರಿಯ, ನಾವೆಲ್ಲ ಗೌರವದಿಂದ 'ನಾನಾ' ಎನ್ನುವವರು, ಬೆತ್ತದ ಕುರ್ಚಿ ತರಿಸಿಕೊಂಡು ಕೂತಿದ್ದರು. ಎಂಬತ್ತರ ಹತ್ತಿರ ವಯಸ್ಸು, ಒಂದು ಕಣ್ಣಿಗೆ ಪೊರೆ, ಇನ್ನೊಂದು ಕಣ್ಣಿಗೆ ಎಲ್ಲ ಕಾಣುತ್ತದೆ. ಕೂಕುವಾ ಮತ್ತು ಅವಳ ಐದು ಗೆಳತಿಯರು ಬಲಗಡೆ. ಯೂಫಿ ಮತ್ತು ಅವನ ಹನ್ನೊಂದು ಜನ ಎಡಗಡೆ. ನಡುವೆ ಡ್ರಮ್ಮು, ಮೋಟಾರು, ನಾನು.

"ಫಿಟ್ಟರ್, ಒಂದೇ ಮಾತು ಹೇಳು. ಇದನ್ನ ಬಿಚ್ಚಿ ಮತ್ತೆ ಕಟ್ಟಬೇಕಾ, ಇಲ್ಲಾ ಬಿಸಾಕಬೇಕಾ?" ಎಂದರು ನಾನಾ.

"ನೋಡಿ ಹೇಳ್ತೀನಿ ನಾನಾ."

"ಎರಡು ಸಲ ನೋಡಿಯೇ ಹೇಳಿದ್ದು ಭಾವ," ಎಂದ ಯೂಫಿ. "ಮೂರನೇ ಸಲ ಬಿಚ್ಚಿದ್ರೆ ಒಳಗಡೆ ನಿನ್ನ ತಲೇನೇ ಸಿಗತ್ತೆ."

ಜನ ನಕ್ಕರು. ನಗಲಿ. ಮೋಟಾರಿನ ಹತ್ತಿರ ಕೂತಾಗ ನನಗೆ ಕಿವಿ ಕೇಳಿಸುವುದಿಲ್ಲ, ಬೇಕಾದ್ದು ಬಿಟ್ಟು.

ಹಳೆಯ ಮೋಟಾರನ್ನು ನೋಡುವುದು ಹಳೆಯ ಮನುಷ್ಯನನ್ನು ನೋಡಿದ ಹಾಗೆ. ವಯಸ್ಸು ಕೇಳಬಾರದು, ಉಸಿರು ನೋಡಬೇಕು. ಎರಡು ಸಿಲಿಂಡರ್ ಇವೆ, ಎರಡರ ಪ್ಲಗ್ಗನ್ನೂ ಕಳಚಿದೆ. ಗುರು ಸಾಯುವಾಗ ನನ್ನ ಕೈಯಲ್ಲಿಟ್ಟ ಒತ್ತಡದ ಮೀಟರನ್ನು ಮೊದಲನೆಯ ತೂತಿಗೆ ತಿರುಗಿಸಿ, ಹಗ್ಗವನ್ನು ನಾಲ್ಕು ಸಲ ಎಳೆದೆ. ನೂರ ಹನ್ನೆರಡು. ಎರಡನೆಯದು ನೂರ ಹತ್ತು. ಮೀಟರನ್ನು ನಾನಾರ ಒಳ್ಳೆಯ ಕಣ್ಣಿನ ಮುಂದೆ ಹಿಡಿದೆ.

"ಇದರರ್ಥ?"

"ಒಂದು ಮನೇಲಿ ಇಬ್ಬರು ಅಣ್ಣತಮ್ಮಂದಿರು ಅಂತಿಟ್ಕೊಳ್ಳಿ ನಾನಾ. ಒಬ್ಬ ನೂರಿಪ್ಪತ್ತು, ಇನ್ನೊಬ್ಬ ಎಪ್ಪತ್ತು ಅಂದ್ರೆ ಆ ಮನೆ ನಿಲ್ಲಲ್ಲ, ಬಿಚ್ಚಿ ಕಟ್ಟಲೇಬೇಕು. ಇಬ್ಬರೂ ಅರವತ್ತಕ್ಕೆ ಇಳಿದಿದ್ರೆ ಬಿಸಾಕಬೇಕು. ಇವರಿಬ್ಬರೂ ನೂರಹತ್ತರ ಆಸುಪಾಸು. ಹೊಸದರಷ್ಟು ಗಟ್ಟಿಯಿಲ್ಲ, ಆದ್ರೆ ಹೊಂದ್ಕೊಂಡು ಬಾಳ್ತಿದಾರೆ."

ಆಮೇಲೆ ಮೋಟಾರಿನ ಕೆಳಗಿನ, ನೀರಿಗಿಳಿಯುವ ಕಾಲಿನ ತಿರುಪು ಬಿಚ್ಚಿ ಗೇರ್ ಆಯಿಲನ್ನು ಬೆರಳಿಗೆ ತೆಗೆದುಕೊಂಡೆ. ಬಿಳಿಚಿಕೊಂಡು ಹಾಲಿನ ಹಾಗಾಗಿದ್ದರೆ ಒಳಗೆ ಕಡಲು ನುಗ್ಗಿದೆ ಎಂದರ್ಥ. ಇದು ಜೇನಿನ ಹಾಗಿತ್ತು. ಪ್ಲಗ್ ತಿರುಗಿ ಹಾಕಿ, ಮೋಟಾರನ್ನು ಡ್ರಮ್ಮಿಗೆ ಸಿಕ್ಕಿಸಿ ಹಗ್ಗ ಎಳೆದೆ. ಎರಡನೆಯ ಎಳೆತಕ್ಕೆ ಹಿಡಿಯಿತು. ಹಿಂದಿನ ತೂತಿನಿಂದ ತಂಪು ನೀರು ಗಟ್ಟಿಯಾಗಿ ಚಿಮ್ಮಿತು. ನಮ್ಮ ಕಸುಬಿನಲ್ಲಿ ಅದಕ್ಕೆ ಉಚ್ಚೆ ಅಂತಲೇ ಹೆಸರು, ಬೇರೆ ಹೆಸರು ಗೊತ್ತಿಲ್ಲ. ಉಚ್ಚೆ ಸರಿಯಿದ್ದರೆ ಒಳಗೆ ಆರೋಗ್ಯವಿದೆ. ಕಾಲು ಗಂಟೆ ಓಡಿಸಿದೆ. ಭಾನುವಾರದ ಚರ್ಚಿನ ಮೇಳದ ಹಾಗೆ ಹಾಡಿತು.

ನಿಲ್ಲಿಸಿ ಹೇಳಿದೆ: "ನಾನಾ, ಕಟ್ಟೋದೂ ಬೇಡ, ಬಿಸಾಕೋದೂ ಬೇಡ. ಮೋಟಾರಿಗೆ ಏನೂ ಆಗಿಲ್ಲ."

ಈಗ ಯಾರೂ ನಗಲಿಲ್ಲ. ಕೂಕುವಾ ನನ್ನನ್ನು ನೋಡಿದ ರೀತಿಗಿಂತ ನಗುವೇ ವಾಸಿಯಿತ್ತು.

"ಏನೂ ಆಗಿಲ್ವಾ?" ಯೂಫಿ ಎದ್ದೇ ನಿಂತ. "ಡ್ರಮ್ಮಲ್ಲಿ ಮೀನಿದಾವಾ ಭಾವ? ಡ್ರಮ್ಮಲ್ಲಿ ಹಾಡತ್ತೆ, ಕಡಲಲ್ಲಿ ಕೆಮ್ಮತ್ತೆ! ಬೆಳಿಗ್ಗೆ ಹೊರಟ್ರೆ ಅಲೆ ದಾಟೋದರೊಳಗೆ ಕಿರುಚಕ್ಕೆ ಶುರು. ಹೋಗ್ತಾ ಉದ್ದಕ್ಕೂ ಮುದುಕಪ್ಪ ಬೆಟ್ಟ ಹತ್ತಿದ ಹಾಗೆ. ಬರೋವಾಗ ಮಾತ್ರ, ಅದೂ ದೋಣಿ ತುಂಬ ಮೀನಿದ್ರೆ, ಮರಗೆಣಸು ಕಂಡ ಮೇಕೆ ಥರ ಓಡತ್ತೆ. ಸೋಮಾರಿ ಮುಂಡೇದು, ಊಟದ ಹೊತ್ತಿಗೆ ಚುರುಕು! ಥೇಟ್ ನಿನ್ನ ಥರಾನೇ!"

ಈ ಮಾತಿಗೆ ಬಾದಾಮಿ ಮರವೂ ನಕ್ಕಿತೇನೋ. ನಾನೂ ನಕ್ಕೆ. ಈ ಹಾಸ್ಯ ತಿಂಗಳಿನಿಂದ ದಡದಲ್ಲಿ ಓಡಾಡುತ್ತಿತ್ತು, ನಾನೇ ನಾಲ್ಕು ಸಲ ಕೇಳಿ ನಾಲ್ಕು ಸಲವೂ ನಕ್ಕಿದ್ದೆ. ಐದನೆಯ ಸಲ ನಗುತ್ತಿದ್ದವನು ತಟ್ಟನೆ ಯೂಫಿಯ ಕಡೆ ತಿರುಗಿದೆ.

"ಯೂಫಿ, ಮೀನಿಲ್ದೇ ಖಾಲಿ ಬಂದ ದಿನ ಹೇಗಿರತ್ತೆ?"

"ಖಾಲಿ ಬಂದ ದಿನ ಬರೋವಾಗ್ಲೂ ಅದೇ ಗೋಳು. ಕೆಟ್ಟ ದಿನಕ್ಕೆ ಎಲ್ಲಾನೂ ಕೆಡತ್ತಲ್ಲ."

ಮೋಟಾರಿಗೆ ದೋಣಿ ಖಾಲಿಯೋ ತುಂಬಿದೆಯೋ ಹೇಗೆ ಗೊತ್ತಾಗಬೇಕು? ಮೋಟಾರಿಗೇನು ಕಣ್ಣಿದೆಯೇ? ಆಗ ನನಗೆ ಇನ್ನೊಂದು ಹೊಳೆಯಿತು. ಈ ಮೋಟಾರನ್ನು ನಾನು ದೋಣಿಯ ಮೇಲೆ ನೋಡಿಯೇ ಇರಲಿಲ್ಲ. ದೋಣಿ ದಡ ಮುಟ್ಟಿದ ಕೂಡಲೇ ಹುಡುಗರು ಮೋಟಾರು ಕಳಚಿ ಹೆಗಲ ಮೇಲೆ ಹೊತ್ತು ತಂದು ಕೊಟ್ಟಿಗೆಯಲ್ಲಿ ಇಡುತ್ತಾರೆ. ನನಗೆ ಅದು ಬರುವುದು ಮಂಗಳವಾರ, ಹೆಗಲ ಮೇಲೆ. ನಲವತ್ತು ವರ್ಷ ನಾನು ಸವಾರನನ್ನು ನೋಡದೆ ಕುದುರೆಗೆ ಔಷಧಿ ಕೊಟ್ಟಿದ್ದೆ.

"ನಾನಾ, ನಾಳೆ ಒಂದು ದಿನ ಕೊಡಿ. ಕಡಲಿಗೆ ನಾನೂ ಹೋಗ್ತೀನಿ."

ಮರದ ಕೆಳಗಿದ್ದವರೆಲ್ಲ ಮತ್ತೆ ನಕ್ಕರು. ನಾನಾ ಕೂಡ ನಗು ತಡೆಯಲಾರದೆ ಮುಖ ಮುಚ್ಚಿಕೊಂಡರು. ವಿಷಯವೇನೆಂದರೆ, ನಾನು ದಡದಲ್ಲೇ ಹುಟ್ಟಿದವನು, ಆದರೆ ನನಗೆ ಕಡಲು ಆಗುವುದಿಲ್ಲ. ಹದಿನಾರನೆಯ ವಯಸ್ಸಿನಲ್ಲಿ ಒಂದೇ ಸಲ ದೋಣಿ ಹತ್ತಿ, ಹೊಟ್ಟೆಯಲ್ಲಿದ್ದುದನ್ನೆಲ್ಲ ಕಾರಿಕೊಂಡು, ಬಲೆಯನ್ನೂ ಹೊಲಸು ಮಾಡಿದ್ದೆ. ಅದಕ್ಕೇ ಅಪ್ಪ ನನ್ನನ್ನು ಫಿಟ್ಟರ್ ಬಳಿ ಬಿಟ್ಟದ್ದು. ಇದು ಊರಿನ ಮಕ್ಕಳಿಗೂ ಗೊತ್ತು.

"ಉಯ್ಯಾಲೆ ಕುರ್ಚಿ ಮೇಲೆ ಕೂತ್ರೂ ವಾಂತಿ ಮಾಡೋ ಮನುಷ್ಯ!" ಎಂದಳು ಕೂಕುವಾ. ಮೂರು ದಿನದಲ್ಲಿ ಅವಳು ನನ್ನ ಬಗ್ಗೆ ಆಡಿದ ಮೊದಲ ಮಾತು ಅದು. "ಬೆಳಿಗ್ಗೆ ಏನೂ ತಿನ್ನದೆ ಹೋಗು. ಹೇಗೂ ನಾನಂತೂ ಏನೂ ಕಳಿಸಲ್ಲ."

"ಗುರುವಾರ ಲಾರಿ ಬರತ್ತೆ. ಬುಧವಾರ ನಿನ್ನದು ಫಿಟ್ಟರ್," ಎಂದು ನಾನಾ ಎದ್ದರು.

ಬುಧವಾರ ನಸುಕಿನಲ್ಲಿ 'ನಗುವವರು ನಗಲಿ' ಅಲೆಗೆ ಇಳಿಯಿತು. ನನ್ನನ್ನು ಹಿಂಭಾಗದಲ್ಲಿ, ಚುಕ್ಕಾಣಿ ಹಿಡಿದ ಯೂಫಿಯ ಕಾಲ ಬಳಿ, ಬಕೆಟ್ಟಿನ ಜೊತೆ ಕೂರಿಸಿದ್ದರು. ನಮ್ಮ ದೋಣಿಗಳಲ್ಲಿ ಮೋಟಾರು ಸರಿಯಾಗಿ ಹಿಂದೆ ಇರುವುದಿಲ್ಲ. ಹಿಂತುದಿಯ ಹತ್ತಿರ ಬಲ ಮಗ್ಗುಲಿಗೆ ಒಂದು ಮರದ ಮಣೆ ಬಿಗಿದು, ಅದರ ಮೇಲೆ ನೇತು ಹಾಕುತ್ತಾರೆ.

ಮೊದಲ ಅಲೆಗೇ ನನ್ನ ಹೊಟ್ಟೆ ಎದ್ದಿತು. ಎರಡನೆಯ ಅಲೆಗೆ ಬಕೆಟ್ಟು ಉಪಯೋಗಕ್ಕೆ ಬಂತು. ಹುಡುಗರು ಒಂದೊಂದು ವಾಂತಿಗೂ ಒಂದೊಂದು ಹಾಡಿನ ಸಾಲು ಸೇರಿಸಿದರು. ಮೂರನೆಯ ಅಲೆ ದಾಟುವಾಗ ಮೋಟಾರು ಕಿರುಚಿತು. ಎಂಥ ಕಿರುಚು! ಡ್ರಮ್ಮಿನಲ್ಲಿ ನಲವತ್ತು ವರ್ಷದಲ್ಲಿ ನಾನು ಆ ಸದ್ದು ಕೇಳಿರಲಿಲ್ಲ. ಮೋಟಾರು ಜೋರಾಗಿ ಕೂಗುತ್ತಿದೆ, ದೋಣಿ ಮುಂದಕ್ಕೆ ಹೋಗುತ್ತಿಲ್ಲ.

"ಕೇಳಿದ್ಯಾ ಭಾವ? ಇದೇ! ಮುದುಕನ ಎದೆ ಒಡೀತಿದೆ!"

ಬಕೆಟ್ಟು ತುಂಬಿತ್ತು, ಹೊರಗಡೆ ಕಾರೋಣ ಎಂದು ಬಲ ಮಗ್ಗುಲಿನ ಮೇಲೆ ಬಾಗಿದೆ. ನನ್ನ ಮುಖದಿಂದ ಒಂದು ಮೊಳ ದೂರದಲ್ಲಿ ಮೋಟಾರಿನ ಕಾಲು. ಅಲೆ ಕೆಳಗಿಳಿಯಿತು. ಫ್ಯಾನಿನ, ಅಂದರೆ ನೀರು ತಳ್ಳುವ ರೆಕ್ಕೆಗಳ, ಮೇಲ್ಗಡೆ ಅಂಗೈಯಂಥ ಒಂದು ಲೋಹದ ತಟ್ಟೆ ಇರುತ್ತದೆ, ಅದು ಯಾವಾಗಲೂ ನೀರಿನ ಒಳಗಿರಬೇಕು. ಇಲ್ಲಿ ಆ ತಟ್ಟೆ ನಸುಬೆಳಕಿನಲ್ಲಿ ಹೊಳೆಯುತ್ತಿತ್ತು! ಅದರ ಕೆಳಗೆ ಫ್ಯಾನು ಅರ್ಧ ನೀರು, ಅರ್ಧ ಗಾಳಿ ಕಡೆಯುತ್ತ ನೊರೆ ಎಬ್ಬಿಸುತ್ತಿತ್ತು. ತಂಪು ನೀರು ಎಳೆಯುವ ತೂತುಗಳೂ ಗಾಳಿಯಲ್ಲಿ. ಉಚ್ಚೆ ನಿಂತು ನಿಂತು ಬರುತ್ತಿತ್ತು, ಮುದುಕರಿಗೆ ಬರುವ ಹಾಗೆ.

ನಾನು ನಗಲು ಶುರು ಮಾಡಿದೆ. ನಗುತ್ತಲೇ ಕಾರಿದೆ, ಕಾರುತ್ತಲೇ ನಕ್ಕೆ.

"ಭಾವನಿಗೆ ತಲೆ ಕೆಟ್ಟಿತು. ಹಿಂದಕ್ಕೆ ತಿರುಗಿಸ್ಲಾ?" ಎಂದ ಯೂಫಿ, ನಿಜವಾಗಿಯೂ ಗಾಬರಿಯಾಗಿ.

"ತಿರುಗಿಸ್ಬೇಡ! ಎಲ್ಲಾರೂ ಇಲ್ಲಿಗೆ ಬನ್ನಿ! ಬಲೆ ಬಿಡಿ, ಹನ್ನೊಂದು ಜನಾನೂ ಬಂದು ಈ ಮೂಲೇಲಿ ಕೂತ್ಕೊಳ್ಳಿ!"

"ಯಾಕೆ, ಪ್ರಾರ್ಥನೆ ಮಾಡಕ್ಕಾ?"

"ಕೂರ್ರೋ ಅಂದ್ರೆ ಕೂರ್ರೋ! ದಪ್ಪಗಿರೋರು ಮೊದಲು!"

ನಗುತ್ತಲೇ ಬಂದರು. ಒಬ್ಬರ ಮೇಲೊಬ್ಬರು ಬಿದ್ದು ಹಿಂಭಾಗದಲ್ಲಿ ಒತ್ತೊತ್ತಾಗಿ ಕೂತರು. ದೋಣಿಯ ಮೂತಿ ಮೇಲೆದ್ದಿತು, ಹಿಂಭಾಗ ಬಲಕ್ಕೆ ವಾಲಿ ನೀರಿಗೆ ಕುಳಿತಿತು. ತಟ್ಟೆ ಮುಳುಗಿತು. ಕಿರುಚಾಟ ಕತ್ತರಿಸಿದ ಹಾಗೆ ನಿಂತಿತು. ಅದರ ಜಾಗದಲ್ಲಿ ಆಳದ, ದಪ್ಪ ದನಿ. ಡ್ರಮ್ಮಿನ ಹಾಡು! ಮರುಕ್ಷಣ ದೋಣಿ ಹೇಗೆ ಚಿಮ್ಮಿತೆಂದರೆ, ಕೊನೆಯಲ್ಲಿ ಕೂತವನ ಟೋಪಿ ಹಿಂದೆ ಕಡಲಿನಲ್ಲೇ ಉಳಿಯಿತು.

ನಾನು ಬಕೆಟ್ಟಿನ ಮೇಲಿಂದ ಹೇಳಿದೆ: "ಬಾಮೈದ, ಮುದುಕನಿಗೆ ಕಾಯಿಲೆ ಇಲ್ಲ. ಅವನ ಕಾಲು ನೀರಿಗೆ ಎಟುಕ್ತಿಲ್ಲ, ಅಷ್ಟೇ. ಮೀನು ತುಂಬಿದಾಗ ದೋಣಿ ಕೆಳಗಿಳಿಯತ್ತೆ, ಆಗ ಎಟುಕತ್ತೆ. ಅದಕ್ಕೇ ಊಟದ ಹೊತ್ತಿಗೆ ಚುರುಕು."

ಬೇಗನೇ ಹಿಂತಿರುಗಿದೆವು. ಮರಳಿನ ಮೇಲೆ ದೋಣಿ ಎಳೆದು ಹಾಕಿದಾಗ ನಾನು ಮೊದಲು ನೆಲಕ್ಕೆ ಮುತ್ತು ಕೊಟ್ಟೆ, ಆಮೇಲೆ ಗೇಣು ಹಾಕಿ ಅಳೆದೆ. ಮಣೆ ಇರಬೇಕಾದ್ದಕ್ಕಿಂತ ಒಂದು ಗೇಣು ಮೇಲಿತ್ತು. ಬಡಗಿ ಎಸುಮಾನ್‌ನನ್ನು ಕರೆಸಿದೆ. ಮೀನಿಲ್ಲದ ತಿಂಗಳುಗಳಲ್ಲಿ ದೋಣಿ ದಡದ ಮೇಲಿದ್ದಾಗ, ಹೆಚ್ಚು ಮೀನು ಹಿಡಿಸಲಿ ಎಂದು ಮಗ್ಗುಲಿಗೆ ಒಂದು ಹಲಗೆ ಏರಿಸಿದವನು ಅವನೇ.

"ಹಲಗೆ ಏರಿಸು ಅಂದ್ರು, ಏರಿಸಿದೆ," ಎಂದ ಎಸುಮಾನ್, ಉಳಿಯನ್ನು ಎದೆಗೆ ಅವುಚಿಕೊಂಡು. "ನನ್ನ ಹಲಗೇಲಿ ಒಂದು ತೊಟ್ಟು ನೀರು ಸೋರಿದೆಯಾ? ತೋರ್ಸು ನೋಡೋಣ."

"ಹಲಗೆ ಚೆನ್ನಾಗಿದೆ ಮಾರಾಯ. ಮಣೆ ಯಾಕೆ ಅದರ ಜೊತೆ ಮೇಲೆ ಹೋಯ್ತು?"

"ನಾನು ಹಳೇ ಎತ್ತರದಲ್ಲೇ ಬಿಡೋಣ ಅಂದೆ. ಆದ್ರೆ ಬೋಸನ್…" ಎಂದು ಯೂಫಿಯ ಕಡೆ ನೋಡಿದ.

ಯೂಫಿ ಕಡಲನ್ನು ನೋಡಿದ. ನನಗೆ ಅರ್ಥವಾಯಿತು. ಹಲಗೆ ಏರಿದ ಮೇಲೆ ಹಳೆಯ ಎತ್ತರದಲ್ಲಿ ಮೋಟಾರು ಹಿಡಿಯಬೇಕಾದರೆ ದಿನವಿಡೀ ಬಾಗಿ ನಿಲ್ಲಬೇಕು. ಅವನ ಸೊಂಟ ನಾಲ್ಕು ವರ್ಷದಿಂದ ಸರಿಯಿಲ್ಲ, ಯಾರಿಗೂ ಹೇಳುವುದಿಲ್ಲ. ಸೊಂಟ ನೋಯುತ್ತದೆ ಎಂದರೆ ಬೋಸನ್ ಕೆಲಸ ಇನ್ನೊಬ್ಬನಿಗೆ ಹೋಗುತ್ತದೆ.

ದಡದ ಮೇಲೆ ಐವತ್ತು ಜನ ಸುತ್ತ ನಿಂತಿದ್ದರು. ತಿಂಗಳಿಡೀ ಅವನು ನನ್ನನ್ನು ನಗೆಪಾಟಲು ಮಾಡಿದ್ದ, ಈಗ ಪಾಳಿ ನನ್ನದು. ಬಾಯಿ ತೆರೆದೆ, ಮುಚ್ಚಿದೆ. ಇವನು ನಾಳೆಯೂ ಹನ್ನೊಂದು ಜನರನ್ನು ಅಲೆ ದಾಟಿಸಬೇಕಾದವನು. ನಗೆಪಾಟಲಾದ ಬೋಸನ್‌ನ ಮಾತನ್ನು ಅಲೆಯ ನಡುವೆ ಯಾರು ಕೇಳುತ್ತಾರೆ?

"ಹಲಗೆ ಏರಿದಾಗ ಮಣೆಯೂ ಏರತ್ತೆ, ಎಲ್ಲಾ ಕಡೆ ಹಾಗೇ ಮಾಡೋದು," ಎಂದೆ ಗಟ್ಟಿಯಾಗಿ. "ಬೋಸನ್ ಇವತ್ತು ನನ್ನನ್ನ ಕರ್ಕೊಂಡು ಹೋಗದೇ ಇದ್ದಿದ್ರೆ ನನಗೂ ಗೊತ್ತಾಗ್ತಿರಲಿಲ್ಲ. ಎಸುಮಾನ್, ಹಲಗೆಯನ್ನ ಇಲ್ಲಿ ಒಂದು ಗೇಣು ಕೊಯ್ದು ಮಣೆ ಕೆಳಗಿಳಿಸು. ಹಾಗೇ ಮೋಟಾರಿನ ಹಿಡಿಗೆ ಒಂದು ಮೊಳ ಉದ್ದದ ಪೈಪು ಸಿಕ್ಕಿಸ್ತೀನಿ. ನಿಂತ್ಕೊಂಡೇ ತಿರುಗಿಸಬಹುದು."

ಯೂಫಿ ಈಗ ನನ್ನ ಕಡೆ ತಿರುಗಿದ. "ಪೈಪು ಎರಡು ಮೊಳ ಇರ್ಲಿ ಭಾವ," ಎಂದ ಮೆಲ್ಲಗೆ.

ಕೂಕುವಾ ಜನರ ಹಿಂದೆ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ಜನ ಕರಗಿದ ಮೇಲೆ ಹತ್ತಿರ ಬಂದಳು.

"ಹಲಗೆ ಏರಿಸು ಅಂದಿದ್ದು ನಾನು," ಎಂದಳು.

"ಗೊತ್ತು."

"ಮತ್ತೆ ಮೊದಲೇ ಯಾಕೆ ಹೇಳಲಿಲ್ಲ, ಹಲಗೆಯಿಂದ ಅಂತ?"

"ನನಗೇನು ಗೊತ್ತು? ನಾನು ಡ್ರಮ್ಮಿನ ಫಿಟ್ಟರ್. ಡ್ರಮ್ಮಿಗೆ ಯಾರೂ ಹಲಗೆ ಏರಿಸಲ್ಲ."

ಅವಳ ತುಟಿಯ ಒಂದು ಕೊನೆ ಅಲುಗಿತು. "ಸುಮ್ನೆ ಹಿಗ್ಗಬೇಡ. ನಾಳೆ ಮೀನು ತಂದ್ರೆ ನೋಡೋಣ," ಎಂದು ಹೊರಟುಹೋದಳು. ಅವತ್ತೂ ಪಾತ್ರೆ ಬರಲಿಲ್ಲ. ಬಾಳೆಲೆಯಲ್ಲಿ ಸುತ್ತಿದ ಕೆಂಕಿಯ, ಅಂದರೆ ಹುಳಿಬಂದ ಮೆಕ್ಕೆಜೋಳದ ಹಿಟ್ಟಿನ, ಉಂಡೆಯೊಂದನ್ನು ಅಂಗಡಿಯಿಂದ ಕೊಂಡು, ಮೆಣಸಿನ ಚಟ್ನಿ ಹಚ್ಚಿಕೊಂಡು ತಿಂದೆ. ಕಾರಿ ಕಾರಿ ಖಾಲಿಯಾದ ಹೊಟ್ಟೆಗೆ ಅದೇ ಅಮೃತ.

ಗುರುವಾರ ಬೆಳಿಗ್ಗೆ ಹತ್ತು ಗಂಟೆಗೆ ಲಾರಿ ಬಂತು. ಮೇಡಮ್ ಫ್ಲಾರೆನ್ಸ್ ಚಿನ್ನದ ಕಟ್ಟಿನ ಕನ್ನಡಕ ಹಾಕಿಕೊಂಡು, ಚಪ್ಪಲಿ ಕೈಯಲ್ಲಿ ಹಿಡಿದು ಮರಳಿಗಿಳಿದಳು. ನಾಲ್ಕು ಆಳುಗಳು ಹೊಸ ಮೋಟಾರಿನ ಪೆಟ್ಟಿಗೆಯನ್ನು ಬಾದಾಮಿ ಮರದ ಕೆಳಗೆ ಇಳಿಸಿದರು. ಪೆಟ್ಟಿಗೆಯ ಹಲಗೆಗಳ ಸಂದಿಯಿಂದ ನಾನು ಇಣುಕಿ ನೋಡಿದೆ. ಚೆಂದದ ಮೋಟಾರು, ಸುಳ್ಳು ಹೇಳಬಾರದು.

"ದೋಣಿ ಎಲ್ಲಿ?" ಎಂದಳು.

"ಕಡಲಲ್ಲಿ, ಮುದುಕನ ಜೊತೆ," ಎಂದರು ನಾನಾ.

"ಎಳ್ಕೊಂಡು ಬರೋಕೆ ಯಾರಾದ್ರೂ ಹೋಗಿದಾರಾ?"

ಕೂಕುವಾ ಮತ್ತು ಐದು ಹೆಂಗಸರು ಖಾಲಿ ತಟ್ಟೆಗಳನ್ನು ಮಡಿಲಲ್ಲಿ ಇಟ್ಟುಕೊಂಡು ಮರಳಿನ ಮೇಲೆ ಕೂತಿದ್ದರು. ಹನ್ನೊಂದಾಯಿತು. ಬಿಸಿಲು ನೆತ್ತಿಗೇರುತ್ತಿತ್ತು. ಅಷ್ಟು ಹೊತ್ತಿಗೆ ದಿಗಂತದಲ್ಲಿ ದೋಣಿಗಳ ಚುಕ್ಕೆ ಮೂಡಿತು. ಒಂದು, ಮೂರು, ಎಂಟು. ಎಲ್ಲಕ್ಕೂ ಮುಂದೆ ಒಂದು, ಬಹಳ ಮುಂದೆ.

"ಯಾರದು ಅದು?" ಎಂದು ನಾನಾ ಒಳ್ಳೆಯ ಕಣ್ಣಿಗೆ ಕೈ ಅಡ್ಡ ಹಿಡಿದರು.

ಕೂಕುವಾ ಎದ್ದು ನಿಂತಳು. ಬಣ್ಣ ಕಾಣುವ ಮೊದಲೇ ನಾನು ಸದ್ದು ಗುರುತಿಸಿದೆ. ಆಳದ, ದಪ್ಪ ದನಿ.

"ಅವನೇ!" ಎಂದೆ.

ಬಾವುಟ ಮೇಲೇರಿತ್ತು. ಬಾವುಟ ಏರಿಸಿದರೆ ದೋಣಿ ತುಂಬಿದೆ ಎಂದರ್ಥ. ಯೂಫಿ ನೆಟ್ಟಗೆ ನಿಂತಿದ್ದ, ಕೈಯಲ್ಲಿ ಎರಡು ಮೊಳದ ಪೈಪು, ದೊರೆ ರಾಜದಂಡ ಹಿಡಿದ ಹಾಗೆ. ಮೊನ್ನೆ ಇವರನ್ನು ಎಳೆದು ತಂದ ದೋಣಿಯ ಪಕ್ಕದಲ್ಲೇ ಹಾದುಬರುವಾಗ ಹನ್ನೊಂದು ಜನರೂ ಎದ್ದು ತಮ್ಮ ದೋಣಿಯ ಹೆಸರನ್ನು ಗಟ್ಟಿಯಾಗಿ ಓದಿ ಹೇಳಿದರಂತೆ. ಕೊನೆಯ ಅಲೆಯ ಬೆನ್ನೇರಿ 'ನಗುವವರು ನಗಲಿ' ದಡಕ್ಕೆ ನುಗ್ಗಿ ಬಂದಾಗ ಇಡೀ ದಡ ಕೂಗಿತು. ದೋಣಿಯ ಒಳಗೆ ಹೊಸ ಹಲಗೆಯ ಅಂಚಿನವರೆಗೂ ಬೂತಾಯಿ, ಬೆಳ್ಳಿ ಸುರಿದ ಹಾಗೆ.

"ಹೋಗ್ತಾ ಹೇಗಿತ್ತು?" ಎಂದು ಕೂಗಿದೆ.

"ಹೋಗ್ತಾನೂ ಮೇಕೆ, ಬರ್ತಾನೂ ಮೇಕೆ!" ಎಂದು ಯೂಫಿ ನೀರಿಗೆ ಹಾರಿ, ಓಡಿ ಬಂದು, ಮೀನಿನ ಲೋಳೆ ಮೆತ್ತಿದ ಮೈಯಿಂದಲೇ ನನ್ನನ್ನು ಎತ್ತಿ ತಿರುಗಿಸಿದ. ಸೊಂಟದ ನೋವು ಅವನಿಗೆ ಮರೆತೇ ಹೋಗಿತ್ತು. ನನಗೆ ಮತ್ತೆ ವಾಂತಿ ಬರುವ ಹಾಗಾಯಿತು.

ನಾನಾ ಕೋಲು ಎತ್ತಿದರು. "ಮೋಟಾರು ಯಾರದು?" ಎಂದು ಕೇಳಿದರು. ಗೊತ್ತಿದ್ದೂ ಕೇಳುವುದು ಕಟ್ಟಳೆ.

"ನಮ್ಮದು," ಎಂದರು ಆರು ಹೆಂಗಸರು.

"ಹಾಗಾದ್ರೆ ಮಾತು ನಿಮ್ಮದು."

ಮೊದಲ ಬುಟ್ಟಿ ಕೂಕುವಾಳ ತಟ್ಟೆಗೆ ಸುರಿಯಿತು.

ಮೇಡಮ್ ಫ್ಲಾರೆನ್ಸ್ ಎಲ್ಲ ನೋಡುತ್ತ ನಿಂತಿದ್ದಳು. ಕೋಪ ಮಾಡಿಕೊಳ್ಳಲಿಲ್ಲ. ಲೆಕ್ಕ ಹಾಕುವ ಹೆಂಗಸು ಕೋಪದಲ್ಲಿ ಹೊತ್ತು ಕಳೆಯುವುದಿಲ್ಲ. ನನ್ನ ಹತ್ತಿರ ಬಂದು ದನಿ ತಗ್ಗಿಸಿದಳು: "ಫಿಟ್ಟರ್, ಪಶ್ಚಿಮದ ದಡದಲ್ಲಿ ನಾನು ಎರಡು ಹೊಸ ಮೋಟಾರು ಕೊಟ್ಟಿದ್ದೆ. ಎರಡೂ ವರ್ಷದೊಳಗೆ ಬಿಸಿಯೇರಿ ಹಾಳಾದ್ವು. ನಿಮ್ಮ ಜನ ಹಲಗೆಯಿಂದ ಅಂತಿದಾರೆ, ಅವರೂ ಹಲಗೆ ಏರಿಸಿದ್ರು ಅನ್ಸತ್ತೆ. ಏನ್ ಮಾಡಿದ್ಯಪ್ಪ ನೀನು?"

ಹೇಳಲು ಬಾಯಿ ತೆರೆದೆ. ನನ್ನ ಪಾದದ ಮೇಲೆ ಯಾರೋ ಬಲವಾಗಿ ಕಾಲಿಟ್ಟರು. ಕೂಕುವಾ, ತಲೆಯ ಮೇಲೆ ಮೀನಿನ ತಟ್ಟೆ.

"ಬಂದು ನೋಡ್ತಾನೆ ಮೇಡಮ್, ಯಾಕೆ ನೋಡಲ್ಲ? ಬುಧವಾರ ಬರ್ತಾನೆ. ಆದ್ರೆ ನಿಮ್ಮ ಲಾರಿ ಇಲ್ಲಿಂದ ಖಾಲಿ ಹೋಗೋದು ನಮಗೆ ಅವಮಾನ. ಹೊಗೆ ಹಾಕಿದ ಮೀನು ತೇಮಾದಲ್ಲಿ ಚೆನ್ನಾಗಿ ಹೋಗತ್ತಂತೆ. ಇನ್ನೆರಡು ದಿನಕ್ಕೆ ಲಾರಿ ಕಳಿಸಿ, ಆರು ಒಲೆಯ ಮೀನು ತುಂಬಿಸ್ತೀವಿ. ಬೆಲೆ ನಾವು ಹೇಳ್ತೀವಿ."

ಮೇಡಮ್ ಅವಳನ್ನು ನೋಡಿದಳು, ನನ್ನನ್ನು ನೋಡಿದಳು, ನನ್ನ ಪಾದವನ್ನೂ ನೋಡಿದಳು. ಆಮೇಲೆ ಜೋರಾಗಿ ನಕ್ಕಳು. "ನಿನ್ನಂಥೋಳು ನನ್ನ ಗೋದಾಮಲ್ಲಿ ಇರ್ಬೇಕಿತ್ತು ಕಣಮ್ಮ. ಆಗ್ಲಿ, ಶನಿವಾರ ಲಾರಿ ಬರತ್ತೆ." ಹೊಸ ಮೋಟಾರು ಪೆಟ್ಟಿಗೆ ಬಿಚ್ಚದೆಯೇ ಮತ್ತೆ ಲಾರಿ ಹತ್ತಿತು.

ಸಂಜೆ ಚರ್ಚಿನ ಹಿಂದಿನ ಓಣಿಯಲ್ಲಿ ಆರು ಒಲೆಗಳ ಹೊಗೆ ಒಟ್ಟಿಗೆ ಎದ್ದಿತು. ನಾನು ಅಂಗಡಿಯ ಮುಂದೆ ಕೂತು ಮೀಟರ್ ಒರೆಸುತ್ತಿದ್ದೆ. ಎದುರುಗಡೆ ಮೀನು ಹೊರುವ ಹೆಂಗಸರು ಮಾತು ನಿಲ್ಲಿಸಿ ಓಣಿಯ ಕಡೆ ತಿರುಗಿದರು. ಯಾವಾಗಲೂ ಯಾರ ಕೈಯಲ್ಲಾದರೂ ಕಳಿಸುವ ಪಾತ್ರೆಯನ್ನು ಅವತ್ತು ಕೂಕುವಾ ತಾನೇ ತಲೆಯ ಮೇಲೆ ಹೊತ್ತು, ದಡದ ಉದ್ದಕ್ಕೂ, ನಿಧಾನವಾಗಿ, ಎಲ್ಲರಿಗೂ ಕಾಣುವ ಹಾಗೆ ನಡೆದು ಬರುತ್ತಿದ್ದಳು. ಮೂವತ್ತನಾಲ್ಕು ವರ್ಷದಲ್ಲಿ ಅದೇ ಮೊದಲು.

ಡ್ರಮ್ಮಿನ ಅಂಚಿನ ಮೇಲೆ ಪಾತ್ರೆ ಇಟ್ಟು ಮುಚ್ಚಳ ತೆಗೆದಳು. ಐದು ದಿನದ ಬಾಕಿ ಊಟ ಒಂದರಲ್ಲೇ ತುರುಕಿದಂತಿತ್ತು.

"ತಿನ್ನು," ಎಂದಳು. "ಬುಧವಾರ ಮತ್ತೆ ದೋಣಿ ಹತ್ತಬೇಕು. ಹೊಟ್ಟೇಲಿ ಏನಾದ್ರೂ ಇರ್ಬೇಕಲ್ಲ, ಕಾರಕ್ಕೆ."